ನಾಲ್ಕನೆಯ ಒಲೆ

ಒಂದು ಊರು. ಆ ಊರಿನಲ್ಲಿ ಬಾಗಿಲು ಮುಚ್ಚಿದ ಹತ್ತಿ ಗಿರಣಿಗಳು ಏಳು, ಗುಡ್ಡದ ಮೇಲೊಂದು ಇಗರ್ಜಿ, ಇಗರ್ಜಿಯ ಬೆನ್ನಿಗೆ ಒಂದು ಬೀದಿ, ಬೀದಿಯ ಕೊನೆಗೆ ಮರದ ಒಂದು ಮನೆ. ಮನೆಗೆ ಅಂತಸ್ತು ಮೂರಾದರೂ ಒಲೆ ಮಾತ್ರ ನಾಲ್ಕು. ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜನಿಗೆ ಮೂವರು ರಾಣಿಯರಿದ್ದರೂ ಯಾರ ಎಣಿಕೆಗೂ ಬಾರದ ನಾಲ್ಕನೆಯವಳೊಬ್ಬಳು ಅರಮನೆಯ ಹಿಂದೆಲ್ಲೋ ಇರುತ್ತಾಳಲ್ಲ, ಹಾಗೆ ಈ ನಾಲ್ಕನೆಯ ಒಲೆ ನೆಲಮಾಳಿಗೆಯಲ್ಲಿತ್ತು. ಯಾವ ಕಾಗದದಲ್ಲೂ ಅದಿರಲಿಲ್ಲ. ಅಡುಗೆಯೆಲ್ಲ ಆಗುತ್ತಿದ್ದದ್ದು ಅದರ ಮೇಲೆಯೇ.

ಆ ಬೀದಿಯ ಎಲ್ಲ ಮನೆಗಳಲ್ಲೂ ಹಾಗೆಯೇ. ಸಾಗರದಾಚೆಯ ಅಸೋರಿಸ್ ದ್ವೀಪಗಳಿಂದ ವಲಸೆ ಬಂದ ಹೆಂಗಸರು ಮೇಲಿನ ಅಡುಗೆಮನೆಯನ್ನು ಕನ್ನಡಿಯ ಹಾಗೆ ಒರೆಸಿ ಇಟ್ಟು, ಮೀನು ಹುರಿಯಲು, ಸೂಪು ಕುದಿಸಲು, ಜಗಳ ಆಡಲು ಕೆಳಗಿಳಿಯುತ್ತಿದ್ದರು. ನಗರಸಭೆಯಿಂದ ಯಾರಾದರೂ ಪರಿಶೀಲನೆಗೆ ಬರುವ ದಿನ ಒಲೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಕೈಯಲ್ಲಿ ಹೆಣೆದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಮಾತೆ ಮರಿಯಳ ಪ್ರತಿಮೆ. ಬಂದವರು ಪ್ರತಿಮೆಯ ಮುಂದೆ ಶಿಲುಬೆ ಗುರುತು ಹಾಕಿಕೊಂಡು ಮೆಟ್ಟಿಲು ಹತ್ತಿಬಿಡುತ್ತಿದ್ದರು. ಬಟ್ಟೆ ಎತ್ತಿ ನೋಡಿದವರಿಲ್ಲ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳದೆ ಅರವತ್ತು ವರ್ಷ ನಡೆದುಬಂದ ಒಪ್ಪಂದ ಅದು.

ಮಾರ್ಚ್ ಕೊನೆಯ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಆ ಒಪ್ಪಂದ ಮುರಿಯಿತು.

"ಬನ್ನಿ, ಕೆಳಗೆ ಬನ್ನಿ ಲೆಫ್ಟಿನೆಂಟ್. ಬಟ್ಟಲಿಗೆ ಹಾಕಿಟ್ಟಿದೀನಿ, ಆರಿಹೋಗತ್ತೆ!" ಎಂದು ಮೂರನೆಯ ಅಂತಸ್ತಿನ ಬಾಡಿಗೆದಾರಳು ಜುಲ್ಮೀರ ನೆಲಮಾಳಿಗೆಯಿಂದ ಕೂಗಿದಳು.

ಲೆಫ್ಟಿನೆಂಟ್ ರಪೋಜು ಅಗ್ನಿಶಾಮಕ ಠಾಣೆಯವರು. ಮನೆ ಮಾರುವ ಮೊದಲು ಹೊಗೆ ಅಲಾರಂಗಳನ್ನು ಒತ್ತಿ ನೋಡಿ, ಕಿರುಚಿದರೆ ಒಂದು ಕಾಗದಕ್ಕೆ ರುಜು ಹಾಕುವುದು ಅವರ ಕೆಲಸ. ಮೂರು ಅಂತಸ್ತಿನಲ್ಲೂ ಚೆನ್ನಾಗಿಯೇ ಕಿರುಚಿದ್ದವು. ನೆಲಮಾಳಿಗೆಯದೊಂದು ಉಳಿದಿತ್ತು. ಅವರ ಹಿಂದೆ ಇಳಿಯುತ್ತಿದ್ದ, ಮನೆ ಮಾರಲು ಹೊರಟಿದ್ದ ಒದೀಲಿಯಳ ಮೂಗಿಗೆ ಮೊದಲು ಬೆಳ್ಳುಳ್ಳಿ ಬಡಿಯಿತು, ಆಮೇಲೆ ಶೊರೀಸು ಸಾಸೇಜಿನ ಘಾಟು. ಅವಳ ಕಾಲು ಅಲ್ಲೇ ನಿಂತುಹೋಯಿತು.

ಹಲಗೆ ಇರಲಿಲ್ಲ, ಬಟ್ಟೆ ಇರಲಿಲ್ಲ. ಪ್ರತಿಮೆ ಕಿಟಕಿಯ ಕಟ್ಟೆಯ ಮೇಲೆ ಆಚೆ ಮುಖ ಮಾಡಿ ನಿಂತಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ, ಪಾತ್ರೆಯ ಕೆಳಗೆ ನೀಲಿ ಉರಿ.

ರಪೋಜು ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. "ಇದೇನಮ್ಮಾ ಇದು?"

"ಕೇಲ್ ಸೊಪ್ಪಿನ ಸೂಪು. ಸೊಪ್ಪು ನಮ್ಮ ಹಿತ್ತಲಿಂದೇ, ಫ್ರೀಜರಲ್ಲಿ ಇಟ್ಟಿದ್ದೆ."

"ಸೂಪಲ್ಲ. ಸೂಪಿನ ಕೆಳಗಿರೋದು."

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ನೋಡುವವಳಂತೆ ಜುಲ್ಮೀರ ಒಲೆಯನ್ನು ನೋಡಿದಳು. ಸೌಟು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. "ಅದು... ಮೇಜು," ಎಂದಳು.

"ತಣ್ಣಗಿದ್ದಿದ್ರೆ ಮೇಜು ಅಂದ್ಕೋತಿದ್ದೆ. ಉರೀತಿದೆಯಲ್ಲಮ್ಮಾ!" ರಪೋಜು ಅವರ ದನಿಯಲ್ಲಿ ಸಿಟ್ಟಿಗಿಂತ ಗೋಳಾಟವೇ ಹೆಚ್ಚಿತ್ತು. "ನಮ್ಮಮ್ಮನ ಮನೇಲೂ ಇಂಥದ್ದಿದೆ. ಹೋದ ಭಾನುವಾರ ಅದರ ಪಕ್ಕದಲ್ಲೇ ಕೂತು ಮೀನು ತಿಂದು ಬಂದಿದೀನಿ. ಒಂದು ಬಟ್ಟೆ ಮುಚ್ಚಿದ್ರೆ ನಾನು ನನ್ನ ಪಾಡಿಗೆ ಹೋಗ್ತಿದ್ದೆ. ಈಗ ಕಂಡದ್ದನ್ನ ಕಾಣ್ಲಿಲ್ಲ ಅಂತ ಹೇಗೆ ಬರೀಲಿ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ರುಜು ನಂದು."

"ಆರಿಸ್ಬಿಡ್ತೀವಿ," ಎಂದಳು ಒದೀಲಿಯ. "ಈಗಲೇ ಆರಿಸ್ತೀವಿ. ನೀವು ಒಂದ್ಸಲ ಮೇಲೆ ಹೋಗಿ ಮತ್ತೆ ಇಳೀರಿ."

"ಮೂರು ಸಂಸಾರದ ಮನೆ ಅಂತಿದೆ ಕಾಗದದಲ್ಲಿ. ನಾಲ್ಕನೇ ಅಡುಗೆಮನೆ ಇದ್ರೆ ನಾಲ್ಕನೇ ಸಂಸಾರ ಅಂತ ಲೆಕ್ಕ. ಕಟ್ಟಡ ಇಲಾಖೆಯವರಿಂದ ಒಲೆ ಕಿತ್ತದ್ದಕ್ಕೆ ಕಾಗದ ತಗೊಂಡ್ಬನ್ನಿ, ಆ ಗಳಿಗೆಗೇ ನಾನು ರುಜು ಹಾಕ್ತೀನಿ. ಶುಕ್ರವಾರ ಸಂಜೆ ತನಕ ಠಾಣೇಲೇ ಇರ್ತೀನಿ."

ನೆಲಮಾಳಿಗೆಯ ಅಲಾರಮನ್ನೂ ಒತ್ತಿ ನೋಡಿ, ಬರೆದು ಮುಗಿಸಿದ ಮೇಲೆ ಅವರಿಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕೊನೆಗೆ ಕೂತು ಒಂದು ಬಟ್ಟಲು ಸೂಪು ಕುಡಿದರು, ತಲೆ ಎತ್ತದೆ.

ಅವರ ಬೂಟಿನ ಸದ್ದು ಅಂಗಳ ದಾಟುವವರೆಗೆ ಕಾದು ಒದೀಲಿಯ ಹೇಳಿದಳು: "ಬಟ್ಟೆ ಹಾಕು ಅಂತ ನಿನ್ನೆ ಎರಡು ಸಲ ಹೇಳಿದ್ದೆ ಜುಲ್ಮೀರ."

"ಉಪಕಾರ ಮಾಡೋಕೆ ಬಂದೋರನ್ನ ಬರಿಹೊಟ್ಟೇಲಿ ಕಳಿಸ್ತಿದ್ರಾ ನಿಮ್ಮಮ್ಮ? ನೀನೇ ಹೇಳು," ಎಂದಳು ಜುಲ್ಮೀರ. ಹೇಳುತ್ತ ಹೇಳುತ್ತಲೇ ಒಲೆಯ ಉರಿ ಆರಿಸಿದಳು. ತಾನು ಕೊಳ್ಳಲಿದ್ದ ಮನೆಯನ್ನು ತಾನೇ ಬಾಯಿಬಿಟ್ಟು ಕಳೆದುಕೊಂಡೆ ಎನ್ನುವುದು ಅವಳಿಗೆ ಆಗ ಅರ್ಥವಾಗಿತ್ತು.

ಮನೆ ಒದೀಲಿಯಳ ತಾಯಿ ದೋನ ಅಲ್ಬೆರ್ತಿನಳದು. ನವೆಂಬರ್‌ನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಆಕೆ ಮಗಳ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದಳು: "ಮನೆ ಜುಲ್ಮೀರಂಗೆ ಕೊಡು. ಅವಳ ಕೈಲಾದಷ್ಟಕ್ಕೇ ಕೊಡು. ನೀನು, ನಿಮ್ಮಣ್ಣ ಮೆಟ್ಟಿಲಿಳಿದು ಹೋದೋರು. ಅವಳು ದಿನಾ ಹತ್ತಿದೋಳು." ಒದೀಲಿಯ ಹೂಂ ಅಂದಳು. ಎರಡು ದಿನಕ್ಕೆ ತಾಯಿ ತೀರಿಕೊಂಡಳು.

ಹೂಂ ಅನ್ನಲು ಅರೆಗಳಿಗೆ ಸಾಕಾಗಿತ್ತು. ಆ ಹೂಂ ಹಿಂದೆ ಬಂದ ಕಾಗದಗಳಿಗೆ ನಾಲ್ಕು ತಿಂಗಳೂ ಸಾಲಲಿಲ್ಲ. ಬಾಡಿಗೆ ಮನೆಯೆಂದು ಪ್ರತಿವರ್ಷ ನೋಂದಾಯಿಸಬೇಕು, ಅದಕ್ಕೆ ಮಾಲೀಕಳೇ ಹಾಜರಾಗಬೇಕು ಎಂದು ನಗರಸಭೆ ಸತ್ತವಳ ಹೆಸರಿಗೆ ಮೂರು ನೋಟೀಸು ಕಳಿಸಿತು. ಎರಡನೆಯ ಅಂತಸ್ತಿನಲ್ಲಿ ನೀರಿನ ಕೊಳವೆ ಒಡೆದು ಬಾಡಿಗೆಯವರು ಬಿಟ್ಟುಹೋದರು. ಕೊಳವೆ ಸರಿಯಾದ ಮೇಲೂ ಆ ಅಂತಸ್ತು ವಾಸಕ್ಕೆ ಯೋಗ್ಯವೆಂದು ಬರೆದುಕೊಡಲು ಯಾರೂ ಬರಲಿಲ್ಲ, ಅದು ಹಾಗೇ ಖಾಲಿ ಬಿದ್ದಿತ್ತು. ಒದೀಲಿಯ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ತಾನು ದಿನವೂ ಮಕ್ಕಳ ತಂದೆತಾಯಿಗೆ ಹೇಳುವ "ಮೂಲ ಪ್ರತಿ ತನ್ನಿ", "ನಾಳೆ ಬನ್ನಿ" ಎನ್ನುವ ಮಾತುಗಳನ್ನು ಕಿಟಕಿಯ ಈಚೆಗೆ ನಿಂತು ಕೇಳಿಸಿಕೊಳ್ಳುವುದು ಅವಳಿಗೆ ಹೊಸದು.

ಹೊರಗೆ ಹಿತ್ತಲ ಬೇಲಿಗೆ ಒರಗಿ ಅವಳು ವಕೀಲೆ ಕೀನನ್‌ಗೆ ಫೋನ್ ಮಾಡಿದಳು.

"ಹೊಗೆ ಅಲಾರಂ ಕಾಗದ ಇಲ್ದೆ ಕ್ರಯ ಆಗಲ್ಲ," ಎಂದಳು ಕೀನನ್. "ಶುಕ್ರವಾರ ಮೂರು ಗಂಟೆಗೆ ಇಟ್ಟಿದೀವಿ. ನೋಂದಣಿ ಕಚೇರಿ ನಾಲ್ಕಕ್ಕೆ ಮುಚ್ಚತ್ತೆ."

"ಸೋಮವಾರಕ್ಕೆ ಹಾಕಿದ್ರೆ?"

"ನೀನು ಹಾಕ್ಬಹುದು. ಮನೆ ಕೊಳ್ಳೋಕೆ ಅಂತ ಜುಲ್ಮೀರಂಗೆ ನಗರಸಭೆ ಮಂಜೂರು ಮಾಡಿರೋ ನೆರವು ಶುಕ್ರವಾರಕ್ಕೆ ಸಾಯತ್ತೆ. ಮತ್ತೆ ಅರ್ಜಿ ಹಾಕಿದ್ರೆ ಅವಳ ಮುಂದೆ ಸಾಲಲ್ಲಿ ನಾನೂರು ಜನ. ಆ ನೆರವಿಲ್ದೆ ಬ್ಯಾಂಕು ಅವಳಿಗೆ ಸಾಲ ಕೊಡಲ್ಲ. ಗೊತ್ತಲ್ಲ ನಿಂಗೆ."

ಗೊತ್ತಿತ್ತು. ಜುಲ್ಮೀರ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುವವಳು. ಆ ನೆರವಿಗೆ ಮೂರು ಸಲ ಅರ್ಜಿ ಹಾಕಿ ಎರಡು ಸಲ ತಿರಸ್ಕಾರ ಮಾಡಿಸಿಕೊಂಡಿದ್ದಳು. ಒದೀಲಿಯಳ ಅಣ್ಣ ಗಿಲ್ಬೆರ್ತುಗೂ ಎಲ್ಲ ಗೊತ್ತಿತ್ತು. ಅವನು ಫ್ಲಾರಿಡಾದಿಂದ ಆ ಮಧ್ಯಾಹ್ನವೇ ಫೋನ್ ಮಾಡಿದ.

"ಏನಂತೆ, ಸೂಪು ಕುಡಿಸಿ ಮನೆ ಮುಳುಗಿಸಿದ್ರಂತೆ?"

"ಶುಕ್ರವಾರದ ತನಕ ಕಾಯ್ತೀನಿ ಅಂತ ನೀನೇ ಅಂದಿದ್ದೆ ಗಿಲ್."

"ಕಾಯ್ತೀನಿ. ಐದು ಗಂಟೆ ತನಕ. ಐದೂ ಒಂದಕ್ಕೆ ಆ ಹಳೇ ಮನೆ ಕೊಳ್ಳೋ ಕಂಪನಿಯವರಿಗೆ ಫೋನ್ ಮಾಡ್ತೀನಿ. ಅವರಿಗೆ ಅಲಾರಂ ಬೇಡ, ಒಲೆ ಕಂಡ್ರೂ ಬೇಜಾರಿಲ್ಲ, ಒಳಗೆ ಬಂದೂ ನೋಡಲ್ಲ."

"ಬಂದ ಮಾರನೇ ದಿನ ಜುಲ್ಮೀರನ್ನ ಖಾಲಿ ಮಾಡಿಸ್ತಾರೆ."

"ಅದು ಅವರ ಮನೆ ವಿಚಾರ. ಅಮ್ಮಂಗೆ ಹೂಂ ಅಂದೋಳು ನೀನು ತಾಯೀ, ನಾನಲ್ಲ."

ಕಟ್ಟಡ ಇಲಾಖೆ ನಗರಸಭೆಯ ಎರಡನೆಯ ಮಹಡಿಯಲ್ಲಿ. ಕಿಟಕಿಯ ಹಿಂದೆ ಪಾಲೆಟ್ ಎಂಬ ಹೆಂಗಸು, ಕೊರಳಲ್ಲಿ ಮಣಿದಾರಕ್ಕೆ ಕಟ್ಟಿದ ಕನ್ನಡಕ. ಒದೀಲಿಯ ಹೇಳಿದ್ದೆಲ್ಲವನ್ನೂ ಅವಳು ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡಳು.

"ಒಲೆ ಕೀಳೋಕೆ ಪರವಾನಗಿ ಬೇಕು. ಗ್ಯಾಸ್ ಕೊಳವೆ ಮುಚ್ಚೋನು ಲೈಸೆನ್ಸ್ ಇರೋ ಪ್ಲಂಬರ್ ಆಗಿರ್ಬೇಕು. ಅರ್ಜಿಗೆ ಮಾಲೀಕರ ರುಜು."

"ಮಾಲೀಕರು ತೀರ್ಕೊಂಡಿದಾರೆ. ನಾನು ಮಗಳು. ನನ್ನ ರುಜು ನಡಿಯತ್ತೆ ಅಂತ ಕೋರ್ಟೇ ಬರ್ದು ಕೊಟ್ಟಿದೆ."

ಪಾಲೆಟ್ ಕಾಗದದ ಮೇಲೆ ಬೆರಳಾಡಿಸಿದಳು, ಬಟ್ಟೆಯ ನಯ ನೋಡುವವರ ಹಾಗೆ. "ಮುದ್ರೆ ಉಬ್ಬಿಲ್ಲ. ಇದು ಜೆರಾಕ್ಸು."

"ಮೂಲದ್ದು ಕಾರಲ್ಲಿದೆ, ತರ್ತೀನಿ."

"ತಾರೀಕು ಡಿಸೆಂಬರ್‌ದು. ಅರವತ್ತು ದಿನದೊಳಗೆ ಕೊಟ್ಟಿದ್ದಾಗಿರ್ಬೇಕು."

"ಈ ಅರವತ್ತು ದಿನದಲ್ಲಿ ನಮ್ಮಮ್ಮ ಎದ್ದು ಬಂದಿರ್ತಾರೇನ್ರೀ?"

ಸಾಲಿನಲ್ಲಿ ಹಿಂದಿದ್ದವರೊಬ್ಬರು ಕಿಸಕ್ಕೆಂದರು. ಪಾಲೆಟ್ ನಗಲಿಲ್ಲ. "ಬಂದಿದ್ರೆ ಸುಲಭ ಆಗಿರೋದು. ಗುರುತಿನ ಚೀಟಿ ತೋರ್ಸಿ ಅವರೇ ರುಜು ಹಾಕೋರು."

ಒಲೆ ಕಿತ್ತರೆ ಲೆಫ್ಟಿನೆಂಟರ ರುಜು. ಒಲೆ ಕೀಳಲು ಪರವಾನಗಿ. ಪರವಾನಗಿಗೆ ಮಾಲೀಕಳು. ಮಾಲೀಕಳು ಗುಡ್ಡದಾಚೆಯ ಸ್ಮಶಾನದಲ್ಲಿ, ಆಕೆಯ ಪರವಾಗಿ ಮಾತಾಡುವ ಮುದ್ರೆ ಇಪ್ಪತ್ತು ಮೈಲಿಯಾಚೆಯ ಕೋರ್ಟಿನಲ್ಲಿ. ಅಜ್ಜಿಯ ಕಥೆಗಳಲ್ಲೂ ಹೀಗೆಯೇ. ಹುಡುಗಿ ನೀರು ಕೇಳಿದರೆ ಬಾವಿ ಹಗ್ಗ ಕೇಳುತ್ತದೆ, ಹಗ್ಗ ನಾರು ಕೇಳುತ್ತದೆ, ನಾರು ಮಳೆ ಕೇಳುತ್ತದೆ. ಆದರೆ ಆ ಹುಡುಗಿಯರಿಗೆ ಶುಕ್ರವಾರ ನಾಲ್ಕು ಗಂಟೆ ಎಂಬ ಗಡುವು ಇರಲಿಲ್ಲ. ಅವರು ಏಳು ಬೇಸಿಗೆ, ಏಳು ಚಳಿಗಾಲ ನಡೆಯಬಹುದಿತ್ತು.

ಗುರುವಾರ ಒದೀಲಿಯ ಶಾಲೆಗೆ ರಜೆ ಹಾಕಿ ಕೋರ್ಟಿಗೆ ಹೋದಳು. ಮುದ್ರೆ ಒತ್ತುವ ಯಂತ್ರ ಒಂದೇ, ಅದನ್ನು ಒತ್ತುವವನೂ ಒಬ್ಬನೇ, ಅವನು ಇನ್ನೊಂದು ಕೋಣೆಯಲ್ಲಿ ಯಾವುದೋ ವಿಚಾರಣೆಗೆ ಕೂತಿದ್ದ. ಮರದ ಬೆಂಚಿನ ಮೇಲೆ ಐದು ಗಂಟೆ. ಪಕ್ಕದಲ್ಲಿ ಕೂತಿದ್ದ ಮುದುಕ ಮೂರು ಸಲ ತನ್ನ ಸರದಿ ಬಂತೇ ಎಂದು ಕೇಳಿ, ನಾಲ್ಕನೆಯ ಸಲ ಕೇಳದೆ ಎದ್ದುಹೋದ. ಕಾಗದ ಕೈಗೆ ಬಂದಾಗ ಮೂರೂ ಇಪ್ಪತ್ತು. ಉಬ್ಬಿದ ಮುದ್ರೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಲೇ ಅವಳು ಕಾರು ಓಡಿಸಿದಳು. ನಗರಸಭೆಯ ಬಾಗಿಲಿಗೆ ಬಂದಾಗ ಕಾವಲುಗಾರ ಒಳಗಿನಿಂದ ಅಗುಳಿ ಹಾಕುತ್ತಿದ್ದ. ಗಾಜಿನಾಚೆಯಿಂದ ಅವನು ಗೋಡೆಯ ಗಡಿಯಾರ ತೋರಿಸಿದ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವಳೇ ಮೊದಲಿಗಳು. ಪಾಲೆಟ್ ಮುದ್ರೆ ಮುಟ್ಟಿ ನೋಡಿದಳು, ಪರವಾನಗಿಗೆ ಮೊಹರು ಹೊಡೆದಳು. ಒದೀಲಿಯಳಿಗೆ ಅವಳ ಕೈಗೆ ಮುತ್ತಿಡಬೇಕೆನಿಸಿತು.

"ಕೆಲಸ ಮುಗಿದ ಮೇಲೆ ಗ್ಯಾಸ್ ಇನ್‌ಸ್ಪೆಕ್ಟರ್ ಬಂದು ನೋಡಿ ಇಲ್ಲಿ ಬರೀಬೇಕು," ಎಂದಳು ಪಾಲೆಟ್. "ಅವರು ಹೊರಗೆ ಹೋಗೋದು ಮಂಗಳವಾರ, ಗುರುವಾರ."

"ಇವತ್ತು ಶುಕ್ರವಾರ."

"ಹೌದು."

"ನಿನ್ನೆ ಗುರುವಾರ ಇತ್ತು. ನಿನ್ನೆ ನಾನು ನೀವು ಹೇಳಿದ ಮುದ್ರೆಗೆ ಕಾಯ್ತಾ ಕೂತಿದ್ದೆ."

ಪಾಲೆಟ್ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟಳು. "ನಾನೇನ್ ಮಾಡ್ಲಿ ಹೇಳಿ. ಅವರ ಹೆಸರು ಡಾಯ್ಲ್. ಒಳಗೇ ಇದಾರೆ. ಶುಕ್ರವಾರ ಅವರು ಕಾಗದದ ಕೆಲಸ ಮಾಡೋದು. ಯಾರನ್ನೂ ಒಳಗೆ ಬಿಡೋ ಹಾಗಿಲ್ಲ." ಸ್ವಲ್ಪ ತಡೆದು, ಬೇರೆ ಕಾಗದವೊಂದನ್ನು ಸರಿಪಡಿಸುತ್ತ, "ಹನ್ನೆರಡು ಗಂಟೆಗೆ ಊಟಕ್ಕೆ ಹೋಗ್ತಾರೆ. ಅದು ಎಲ್ಲರಿಗೂ ಗೊತ್ತಿರೋದೇ," ಎಂದಳು.

ನೆಲಮಾಳಿಗೆಯಲ್ಲಿ ಪ್ಲಂಬರ್ ಎವಾರಿಸ್ತು ಸಾಮಾನು ಹರಡಿಕೊಂಡು ಕಾಯುತ್ತಿದ್ದ. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಜುಲ್ಮೀರ ಕೂತಿದ್ದಳು, ಬಟ್ಟೆ ಒಗೆಯುವ ಕೋಣೆಯ ನೀಲಿ ಅಂಗಿಯಲ್ಲೇ.

"ಏಳ್ತಾ ಇಲ್ಲ ಅಕ್ಕಾ," ಎಂದ ಎವಾರಿಸ್ತು. "ಅರ್ಧ ಗಂಟೆಯಿಂದ ಹೇಳ್ತಿದೀನಿ."

"ಬೇಡ ಒದೀಲಿಯ," ಎಂದಳು ಜುಲ್ಮೀರ. "ನಿಮ್ಮಮ್ಮನ ಒಲೆ ಕಿತ್ತು ನಾನು ಮನೆ ತಗೊಳ್ಳೋದು ಬೇಡ. ಈ ಊರಿಗೆ ಬಂದಾಗ ಹೊಟ್ಟೇಲಿ ಐದು ತಿಂಗಳ ಮಗು ನಂಗೆ. ಮೊದಲ ದಿನ ಇಲ್ಲೇ ಕೂರ್ಸಿ ಬಡಿಸಿದ್ರು. ಕಂಪನಿಯವರಿಗೇ ಕೊಟ್ಬಿಡು. ನಾನೆಲ್ಲಾದ್ರೂ ಒಂದು ಕೋಣೆ ನೋಡ್ಕೋತೀನಿ."

"ಎಲ್ಲಿ? ಯಾವ ಕೋಣೆ? ಈ ಊರಲ್ಲಿ ಈಗ ಬಾಡಿಗೆಗೆ ಕೋಣೆ ಎಲ್ಲಿದೆ ತೋರ್ಸು ನಂಗೆ!" ಒದೀಲಿಯ ಕಿರುಚಿದಳು. ತನ್ನ ದನಿ ತನ್ನ ತಾಯಿಯದರಂತೆ ಆ ತಗ್ಗು ಸೂರಿಗೆ ಬಡಿದು ವಾಪಸು ಬಂದದ್ದು ಅವಳಿಗೇ ಕೇಳಿಸಿತು. "ಶಾಲೆಗೆ ಹೋಗ್ವಾಗ ಈ ಕೋಣೆ ವಾಸನೆ ನನ್ನ ಸ್ವೆಟರಿಗೆ ಹತ್ತತ್ತೆ ಅಂತ ಅಳ್ತಿದ್ದೆ ನಾನು. ನಂಗೆ ಇದನ್ನ ಕೀಳೋಕೆ ಖುಷಿ ಅಂದ್ಕೊಂಡ್ಯಾ? ಅಮ್ಮ ಹೇಳಿದ್ದು ಒಲೆ ಇಟ್ಕೋ ಅಂತಲ್ಲ. ಮನೆ ಜುಲ್ಮೀರಂಗೆ ಕೊಡು ಅಂತ. ಏಳು."

ಜುಲ್ಮೀರ ಎದ್ದಳು. ಎದ್ದವಳು ಸುಮ್ಮನಿರದೆ ಒದ್ದೆ ಬಟ್ಟೆ ತಂದು ಒಲೆಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸತೊಡಗಿದಳು. ಎವಾರಿಸ್ತು ಗಡಿಯಾರ ನೋಡಿಕೊಂಡ.

ಹನ್ನೊಂದು ಗಂಟೆಗೆ ಕೊಳವೆಯ ಬಾಯಿ ಮುಚ್ಚಿತ್ತು, ಒಲೆ ಎವಾರಿಸ್ತುವಿನ ಗಾಡಿಯ ಹಿಂಭಾಗದಲ್ಲಿತ್ತು. ಹಗ್ಗ ಸಾಲದೆ ಅದು ವಾಲದಂತೆ ಜುಲ್ಮೀರ ಪಕ್ಕದಲ್ಲಿ ಹಿಡಿದು ಕೂತಳು. ಗುಜರಿಗೆ ಹೋಗಬೇಕಿದ್ದ ಗಾಡಿಯನ್ನು ಒದೀಲಿಯ ನಗರಸಭೆಯ ಹಿತ್ತಲಿಗೆ ತಿರುಗಿಸಲು ಹೇಳಿದಳು.

"ಡಾಯ್ಲ್ ಅವರ ಕಾರು ಯಾವುದು ಗೊತ್ತಾ ನಿಂಗೆ?"

"ಆ ಬಿಳೀದು. ಯಾಕಕ್ಕಾ?"

"ಅದರ ಹಿಂದೆ ಅಡ್ಡ ನಿಲ್ಸು."

"ಅಕ್ಕಾ, ನನ್ನ ಲೈಸೆನ್ಸಿಗೆ ರುಜು ಹಾಕೋರೇ ಅವರು!"

"ಗಾಡಿ ಕೆಟ್ಟೋಗಿದೆ ಅನ್ನು."

ಎವಾರಿಸ್ತು ಅಡ್ಡ ನಿಲ್ಲಿಸಿದ. ನಿಲ್ಲಿಸಿ, ಕೀಲಿ ತೆಗೆದು ಕಾಲುಚೀಲದೊಳಕ್ಕೆ ತುರುಕಿಕೊಂಡ.

ಹನ್ನೆರಡೂ ಐದಕ್ಕೆ ಡಾಯ್ಲ್ ಹೊರಬಂದರು. ಎತ್ತರದ, ಭುಜ ಬಾಗಿದ ಮನುಷ್ಯ, ಕೈಯಲ್ಲಿ ಕಂದು ಕಾಗದದ ಊಟದ ಚೀಲ. ಕಾರು ನೋಡಿದರು, ಗಾಡಿ ನೋಡಿದರು, ಗಾಡಿಯ ಮೇಲೆ ಒಲೆಯನ್ನು ಅಪ್ಪಿಕೊಂಡು ಕೂತಿದ್ದ ಹೆಂಗಸನ್ನು ನೋಡಿದರು.

"ಇದನ್ಯಾಕೆ ಇಲ್ಲಿಗೆ ತಂದ್ರಿ?"

"ಇದು ನಮ್ಮನೇಲಿಲ್ಲ ಅಂತ ತೋರ್ಸೋಕೆ," ಎಂದಳು ಒದೀಲಿಯ.

"ನಾನು ನೋಡೋದು ಒಲೆ ಅಲ್ಲ. ಕೊಳವೆ."

"ಕೊಳವೆ ಕಿತ್ಕೊಂಡು ಬರೋಕಾಗ್ಲಿಲ್ಲ ಸರ್."

"ಮಂಗಳವಾರ ಬರ್ತೀನಿ. ಗಾಡಿ ತೆಗೀರಿ."

"ಕೆಟ್ಟೋಗಿದೆ," ಎಂದ ಎವಾರಿಸ್ತು, ಆಕಾಶ ನೋಡುತ್ತ.

ಒದೀಲಿಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ನೆರವಿನ ಗಡುವು, ಕೋರ್ಟು, ಕಂಪನಿ, ಎಲ್ಲವೂ ಕ್ರಮವಾಗಿ. ಈಗ ಒಂದೂ ನಾಲಗೆಗೆ ಬರಲಿಲ್ಲ. ಸಣ್ಣ ಹಿಮಮಳೆ ಆಗಷ್ಟೇ ಹನಿಯತೊಡಗಿತ್ತು.

"ಸಾಯೋರಿಗೆ ಹೂಂ ಅಂದ್ಬಿಟ್ಟಿದೀನಿ ಸರ್," ಎಂದಳು. "ಈಗ ಉಹೂಂ ಅಂತ ಹೇಳೋಕೆ ಎಲ್ಲಿಗೆ ಹೋಗ್ಲಿ? ನೀವೇ ಹೇಳಿ. ಅದಕ್ಕೆ ಯಾವ ಕಿಟಕಿ, ಎಷ್ಟನೇ ಮಹಡಿ? ಹೋಗ್ತೀನಿ."

ಡಾಯ್ಲ್ ಊಟದ ಚೀಲದ ಬಾಯಿಯನ್ನು ಒಂದು ಮಡಿಕೆ ಹೆಚ್ಚು ಸುತ್ತಿದರು. "ನನ್ನ ಊಟಕ್ಕೆ ಅರ್ಧ ಗಂಟೆ. ಕೊಳವೆ ಸೋರಿದ್ರೆ ನಾನು ಬರಿಯಲ್ಲ, ಈಗಲೇ ಹೇಳಿದೀನಿ." ಗಾಡಿಯ ಮುಂದಿನ ಬಾಗಿಲು ತೆಗೆದು ಹತ್ತಿದರು. "ನಿನ್ನ ಕೆಟ್ಟ ಗಾಡೀನ ಓಡ್ಸು ಮಾರಾಯ."

ಮುಂದೆ ಜಾಗವಿಲ್ಲದೆ ಒದೀಲಿಯ ಹಿಂದೆ ಹತ್ತಿ ಒಲೆಯ ಇನ್ನೊಂದು ಮಗ್ಗುಲು ಹಿಡಿದು ಕೂತಳು.

ನೆಲಮಾಳಿಗೆಯಲ್ಲಿ ಒಲೆ ಇದ್ದ ಗೋಡೆಯ ಮೇಲೆ ಚೌಕದ ಒಂದು ಬಿಳುಪು ಉಳಿದಿತ್ತು. ಎವಾರಿಸ್ತು ಕೊಳವೆಗೆ ಗಾಳಿ ತುಂಬಿ ಒತ್ತಡ ಅಳೆಯುವ ಗಡಿಯಾರ ಸಿಕ್ಕಿಸಿದ. ಅದರ ಮುಳ್ಳು ಹದಿನೈದು ನಿಮಿಷ ಕದಲಬಾರದು. ಕದಲಿದರೆ ಮನೆಯ ಕೊಳವೆಯಲ್ಲಿ ಎಲ್ಲೋ ಸೋರಿಕೆ ಇದೆಯೆಂದು ಅರ್ಥ, ಗೋಡೆ ಒಡೆದು ಹುಡುಕಬೇಕು. ಮನೆಗೆ ನೂರ ಹತ್ತು ವರ್ಷ.

ನಾಲ್ವರೂ ಆ ಮುಳ್ಳನ್ನೇ ನೋಡುತ್ತ ನಿಂತರು. ಡಾಯ್ಲ್ ಚೀಲದಿಂದ ಮೊಟ್ಟೆಯ ಸ್ಯಾಂಡ್‌ವಿಚ್ ತೆಗೆದು ನಿಂತಲ್ಲೇ ತಿನ್ನತೊಡಗಿದರು. ಜುಲ್ಮೀರಳಿಗೆ ತಡೆಯಲಾಗಲಿಲ್ಲ. "ತಣ್ಣಗಿದ್ಯಲ್ಲ ಸರ್, ಏನಾದ್ರೂ ಬಿಸಿ..." ಎಂದು ಎರಡು ಹೆಜ್ಜೆ ಗೋಡೆಯ ಕಡೆ ಹೋದವಳು ಆ ಬಿಳುಪಿನ ಮುಂದೆ ನಿಂತುಬಿಟ್ಟಳು. ಚಾಚಿದ ಕೈಯನ್ನು ಅಂಗಿಗೆ ಒರೆಸಿಕೊಂಡಳು.

ಒಂಬತ್ತು ನಿಮಿಷ. ಮೇಲಿನ ಬೀದಿಯಲ್ಲಿ ಕಸದ ಲಾರಿ ಹೋಯಿತು, ಕಿಟಕಿಯ ಗಾಜು ನಡುಗಿತು, ಮುಳ್ಳಿನ ತುದಿ ನಡುಗಿದಂತೆ ಕಂಡಿತು. ಒದೀಲಿಯ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಮುಳ್ಳು ಅಲ್ಲೇ ಇತ್ತು. ಹನ್ನೊಂದು. ಎವಾರಿಸ್ತುವಿನ ತುಟಿಗಳು ಜಪದ ಹಾಗೆ ಅಲುಗುತ್ತಿದ್ದವು. ಹದಿಮೂರು. ಹದಿನೈದು. ಡಾಯ್ಲ್ ಇನ್ನೂ ಒಂದು ನಿಮಿಷ ನೋಡಿದರು, ಬೆರಳಿಗಂಟಿದ ಬ್ರೆಡ್ಡಿನ ಚೂರುಗಳನ್ನು ಝಾಡಿಸಿ, ಪರವಾನಗಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆದರು.

"ತಾರೀಕು ಇವತ್ತಿಂದೇ ಹಾಕಿದೀನಿ," ಎಂದರು. "ಶುಕ್ರವಾರ ಬಂದಿದ್ರು ಅಂತ ಬೀದೀಲೆಲ್ಲಾ ಸಾರ್ಬೇಡಿ."

ಪಾಲೆಟ್ ಮೊಹರು ಹೊಡೆದು ಕಾಗದ ಕೊಟ್ಟಾಗ ಒಂದೂ ಐವತ್ತು. ಅಗ್ನಿಶಾಮಕ ಠಾಣೆಗೆ ಹೋದರೆ ಲೆಫ್ಟಿನೆಂಟ್ ರಪೋಜು ಯಾವುದೋ ಮನೆಯ ಚಿಮಣಿಗೆ ಬೆಂಕಿ ಹತ್ತಿತೆಂದು ಹೋಗಿದ್ದರು. ಒದೀಲಿಯ, ಜುಲ್ಮೀರ ಠಾಣೆಯ ತೆರೆದ ಬಾಗಿಲಲ್ಲಿ ನಿಂತರು. ಎರಡೂ ಹತ್ತಾಯಿತು, ಎರಡೂವರೆಯಾಯಿತು. ಕೀನನ್ ಎರಡು ಸಲ ಫೋನ್ ಮಾಡಿದಳು. ಎರಡೂ ಐವತ್ತಕ್ಕೆ ಕೆಂಪು ಗಾಡಿ ಬಂತು. ರಪೋಜು ಮುಖದ ಮಸಿ ಕೂಡ ಒರೆಸದೆ, ಚಕ್ರದ ಮೇಲಿನ ತಗಡಿಗೆ ಕಾಗದ ಒತ್ತಿ ರುಜು ಹಾಕಿದರು. ಕಾಗದದ ಅಂಚಿಗೆ ಅವರ ಹೆಬ್ಬೆರಳ ಕಪ್ಪು ಮೂಡಿತು.

"ಬುಧವಾರ ಹೇಳೋಕಾಗ್ಲಿಲ್ಲ," ಎಂದರು ಜುಲ್ಮೀರಳತ್ತ ನೋಡದೆ. "ಸೂಪು ಚೆನ್ನಾಗಿತ್ತು."

ಕೀನನ್ ಕಚೇರಿಯಲ್ಲಿ ರುಜು ಹಾಕಬೇಕಾದ ಕಾಗದಗಳು ಒಂದು ಗೇಣು ಎತ್ತರ ಇದ್ದವು. ಜುಲ್ಮೀರ ಪ್ರತಿ ರುಜುವನ್ನೂ ಶಾಲೆಯ ಹುಡುಗಿಯ ಹಾಗೆ ಪೂರ್ತಿ ಅಕ್ಷರಗಳಲ್ಲಿ ಬರೆದಳು. ಬೇಗ ಬರೆ ಎನ್ನಲು ಕೀನನ್‌ಗೂ ಬಾಯಿ ಬರಲಿಲ್ಲ. ಒದೀಲಿಯ ಒಂದೇ ಕಾಗದಕ್ಕೆ ಬರೆಯಬೇಕಿತ್ತು: ದಿವಂಗತ ಅಲ್ಬೆರ್ತಿನಳ ಪರವಾಗಿ ಎಂದು, ತನ್ನ ಹೆಸರು. ಮೂರೂ ನಲವತ್ತೊಂದಕ್ಕೆ ಕೀನನ್ ಕಂಪ್ಯೂಟರಿನಿಂದ ಕ್ರಯಪತ್ರವನ್ನು ನೋಂದಣಿ ಕಚೇರಿಗೆ ಕಳಿಸಿದಳು. ಒದೀಲಿಯ ಮನೆಯ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಳು. ಜುಲ್ಮೀರಳ ಕೈ ಮುಂದೆ ಬಂತು.

"ಇರಿ," ಎಂದು ಕೀನನ್ ಗೊಂಚಲಿನ ಮೇಲೆ ಅಂಗೈ ಇಟ್ಟಳು. "ಅಲ್ಲಿಂದ ನಂಬರ್ ಬರೋ ತನಕ ಮನೆ ಇನ್ನೂ ತೀರ್ಕೊಂಡೋರದ್ದೇ."

ಮೂವರೂ ಪರದೆ ನೋಡುತ್ತ ಕೂತರು. ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಲೇ ಇತ್ತು. ಮೂರೂ ಐವತ್ತು. ಕೀನನ್ ಇನ್ನೊಂದು ಕೈಯಿಂದ ನೋಂದಣಿ ಕಚೇರಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಐವತ್ತೈದು. ಜುಲ್ಮೀರ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದಳು, ಎದ್ದು ಹೋಗಲು ಸಿದ್ಧವಾಗುವವಳ ಹಾಗೆ. ಒದೀಲಿಯಳ ಫೋನ್ ಮೇಜಿನ ಮೇಲೆ ಗುಂಯ್‌ಗುಟ್ಟಿತು. ಗಿಲ್. ಅವಳು ಅದನ್ನು ಬೋರಲು ಹಾಕಿದಳು.

ಚಕ್ರ ನಿಂತಿತು.

ಕೀನನ್ ಮುಂದೆ ಬಾಗಿ ಓದಿದಳು, ಇನ್ನೊಮ್ಮೆ ಓದಿದಳು. "ಪುಸ್ತಕದ ನಂಬರ್ ಬಂತು, ಪುಟದ ನಂಬರ್ ಬಂತು," ಎಂದಳು. "ಮೂರೂ ಐವತ್ತೆಂಟು. ಆಯ್ತು."

"ಆಯ್ತು ಅಂದ್ರೆ?" ಎಂದಳು ಜುಲ್ಮೀರ.

"ಆಯ್ತು ಅಂದ್ರೆ ಆಯ್ತು ಕಣೇ," ಎಂದಳು ಒದೀಲಿಯ.

ಕೀನನ್ ಕೈ ಎತ್ತಿದಳು. ಒತ್ತಿ ಹಿಡಿದಿದ್ದ ಕೀಲಿಗಳ ಹಲ್ಲು ಅವಳ ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಜುಲ್ಮೀರ ಗೊಂಚಲನ್ನು ತೆಗೆದುಕೊಂಡಳು, ಸದ್ದಾಗದ ಹಾಗೆ ಮುಷ್ಟಿ ಕಟ್ಟಿದಳು, ಮುಷ್ಟಿಯನ್ನು ಹಾಗೇ ಕೋಟಿನ ಜೇಬಿಗೆ ಇಳಿಸಿದಳು.

ಹೊರಗೆ ಹಿಮಮಳೆ ಬಲವಾಗಿತ್ತು. "ಮನೆಗೆ ಬಿಡ್ಲಾ?" ಎಂದು ಕೇಳಿದಳು ಒದೀಲಿಯ.

"ಬೇಡ. ನಡ್ಕೊಂಡೇ ಹೋಗ್ತೀನಿ."

ಗುಡ್ಡದ ಬೀದಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳ ಮೇಲೆ ಆಗಲೇ ತೆಳುವಾಗಿ ಮಂಜು ಕಟ್ಟಿತ್ತು. ಜುಲ್ಮೀರ ಒಂದೊಂದೇ ಮೆಟ್ಟಿಲಿನ ಮೇಲೆ ಎರಡೂ ಕಾಲೂರಿ, ನಿಂತು, ಮುಂದಿನದನ್ನು ನೋಡಿ ಹತ್ತಿದಳು. ಎರಡು ಸಲ ಜಾರಿದಳು. ಪಕ್ಕದಲ್ಲಿ ಕಬ್ಬಿಣದ ಕಂಬಿಯಿತ್ತು. ಅದನ್ನು ಹಿಡಿಯಲು ಅವಳು ಜೇಬಿನಿಂದ ಕೈ ಹೊರಗೆ ತೆಗೆಯಲಿಲ್ಲ.